ಶಾಲು, ಪೇಟ ಮತ್ತು ಈರಣ್ಣನ ಗೆರೆ

ಹೋದ ತಿಂಗಳು ಕಾವ್ಯ ಎಂಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಹೊಸದಾಗಿ ದೈಹಿಕ ಶಿಕ್ಷಕಿಯಾಗಿ ಸೇರಿದ್ದಾಳೆ. ಸೇರಿ ಆರು ತಿಂಗಳಾಗುವುದರೊಳಗೆ ಊರಿನ ಕ್ರೀಡಾಪಟುಗಳಿಗೆ ಸನ್ಮಾನ ಮಾಡುವ ಸಮಾರಂಭದ ಹೊಣೆ ಅವಳ ತಲೆಗೆ ಬಂದಿದೆಯಂತೆ. ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರು.

"ಟೀಚರ್, ಇದ್ರಾಗ ಕೇಳಾದು ಏನೈತ್ರಿ ಅಂತ ನಾನೂ ಅಂದೆ. ಶಾಲು ಹೊದಿಸಾದು, ಹಾರ ಹಾಕಾದು, ಫೋಟೊ ಹೊಡಿಸಾದು. ಅಷ್ಟ ಅಲ್ರಿ?" ಎಂದಳು.

ನಾನು ನಕ್ಕುಬಿಟ್ಟೆ. ಚಹಾ ಕುಡಿಸಿ ಕಳಿಸಿದೆ. ಅವಳು ಹೋದ ಮೇಲೆ, ಬರೀ ನಕ್ಕು ಕಳಿಸಿದ್ದು ತಪ್ಪಾಯಿತು ಅನ್ನಿಸಿತು. ಪಾಪ, ನಾನೂ ಒಂದು ಕಾಲಕ್ಕೆ ಹಾಗೆಯೇ ಅಂದುಕೊಂಡಿದ್ದವಳು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸೇವಾ ಪುಸ್ತಕದ ವಿಷಯ ಇದರಲ್ಲಿಲ್ಲ. ಅವು ಎಲ್ಲರಿಗೂ ಒಂದೇ ರೀತಿ ಬರುತ್ತವೆ, ಇಲ್ಲವೇ ಒಂದೇ ರೀತಿ ಬರುವುದಿಲ್ಲ.

ಹೊಸಪೇಟೆಯ ಸರ್ಕಾರಿ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಸೀಟಿ ಊದಿಕೊಂಡೇ ನಾನು ನಿವೃತ್ತಳಾದೆ. ಊರಿಗೆಲ್ಲ ನೀಲಮ್ಮ ಟೀಚರ್. ಖೊಖೊ ಕಲಿಸುವುದು ನನ್ನ ಕೆಲಸ. ಸನ್ಮಾನದ ಕೆಲಸ ಅಂಟಿಕೊಂಡದ್ದು ನನ್ನ ದುಂಡನೆಯ ಅಕ್ಷರದಿಂದ. ಆಗ ಕ್ರೀಡಾ ಸಮಿತಿಗೆ ಬಸವರಾಜಪ್ಪ ಎಂಬ ಸಾಹೇಬರಿದ್ದರು. ಒಳ್ಳೆಯವರೇ, ಆದರೆ ಎದುರಿಗೆ ದೊಡ್ಡವರು ನಿಂತರೆ ಅವರ ಬೆನ್ನು ತಾನಾಗಿಯೇ ಬಾಗುತ್ತಿತ್ತು. ಒಂದು ದಿನ ಶಾಲೆಗೆ ಬಂದು ಕಪ್ಪು ಹಲಗೆಯ ಮೇಲಿನ ನನ್ನ ಬರವಣಿಗೆ ನೋಡಿದರು. "ಟೀಚರ್, ಮಾನಪತ್ರ ಬರಿಯಾಕ ನಿಮ್ಮನ್ನ ಬಿಟ್ರ ಊರಾಗ ಯಾರೂ ಇಲ್ಲ" ಎಂದರು. ಮಾನಪತ್ರ ಬರೆಯುವವಳಿಗೆ ಮೊದಲು ಶಾಲು ತರುವ ಕೆಲಸ ಬಂತು, ಆಮೇಲೆ ಹಾರ, ಆಮೇಲೆ ಮೈಕು, ಕೊನೆಗೆ ಇಡೀ ಸಮಾರಂಭ.

ಅದು ಗಣಿಯ ಭರಾಟೆಯ ಕಾಲ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಬಾಲಕ್ಕೆ ಬಾಲ ಹಿಡಿದು ಇಳಿಯುತ್ತಿದ್ದವು. ಬೆಳಿಗ್ಗೆ ಬಿಳಿ ಸೀರೆ ಉಟ್ಟು ಹೊರಟರೆ ಸಂಜೆಗೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅದಕ್ಕೂ ಮೊದಲು ಸನ್ಮಾನ ಎಂದರೆ ಒಂದು ಚೆಂಡುಹೂವಿನ ಹಾರ, ಒಂದು ಕಪ್ಪು ಚಹಾ, ನಾಲ್ಕು ಮಾತು. ಗಣಿಯವರು ಪ್ರಾಯೋಜಕರಾದ ಮೇಲೆ ಶಾಮಿಯಾನ ಬಂತು, ಫ್ಲೆಕ್ಸ್ ಬಂತು, ಆಳೆತ್ತರದ ಸ್ಮರಣಿಕೆ ಬಂತು. ನನ್ನ ಖೊಖೊ ತಂಡದ ಕುಳ್ಳಿಯೊಬ್ಬಳಿಗೆ ಅವಳಿಗಿಂತ ಎತ್ತರದ ಸ್ಮರಣಿಕೆ ಕೊಟ್ಟರು. ಕಂಪ್ಲಿ ಬಸ್ಸಿನಲ್ಲಿ ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ ತೆಗೆದುಕೋ ಎಂದನಂತೆ.

ಪೇಟವೂ ಆಗಲೇ ಬಂದದ್ದು. ಜರಿಯಂಚಿನ ಪೇಟ ತೊಡಿಸಿ ಫೋಟೊ ತೆಗೆಸದೆ ಇದ್ದರೆ ಅದು ಸನ್ಮಾನವೇ ಅಲ್ಲ ಎನ್ನುವಂತಾಯಿತು. ಕಾವ್ಯ, ನಿನಗೆ ಗುಟ್ಟು ಹೇಳುತ್ತೇನೆ: ಎಂಟು ಜನಕ್ಕೆ ಎಂಟು ಪೇಟ ಇರುತ್ತಿರಲಿಲ್ಲ. ಬಾಡಿಗೆಗೆ ತಂದ ಪೇಟ ಒಂದೇ. ಒಬ್ಬರ ತಲೆಗಿಟ್ಟು, ಫೋಟೊ ಆದೊಡನೆ ಹಿಂದಿನಿಂದ ಮೆಲ್ಲಗೆ ಎತ್ತಿ, ಮುಂದಿನವರ ತಲೆಗಿಡುವುದು. ಎತ್ತುವವಳು ನಾನು. ಅದರಲ್ಲಿ ನನ್ನ ಕೈ ಎಷ್ಟು ಪಳಗಿತ್ತೆಂದರೆ ಪೇಟ ಹೋದದ್ದು ತಲೆಗೇ ತಿಳಿಯುತ್ತಿರಲಿಲ್ಲ.

ಒಂದು ವರ್ಷ ಸನ್ಮಾನಿತರಲ್ಲಿ ಕಂಪ್ಲಿಯ ಪೈಲ್ವಾನ್ ಹನುಮಂತಪ್ಪನವರು ಮೊದಲಿಗರು. ಅರವತ್ತು ದಾಟಿದ ವಯಸ್ಸು, ಹೂಕೋಸಿನಂಥ ಕಿವಿ, ಕೊಡದಂಥ ತಲೆ. ಪೇಟ ಕೂರಲೊಲ್ಲದು. ನಮ್ಮ ಸಾಹೇಬರು ಎರಡೂ ಕೈಯಿಂದ ಒತ್ತಿದರು. ಕೂತಿತು. ಫೋಟೊ ಆಯಿತು. ನಾನು ಹಿಂದಿನಿಂದ ಎತ್ತಿದೆ, ಬರಲಿಲ್ಲ. ಇನ್ನೊಂದು ಸಲ ಎಳೆದೆ. ಪೈಲ್ವಾನರು ಕತ್ತು ಗಟ್ಟಿ ಮಾಡಿದರು. ಕುಸ್ತಿಯವರಿಗೆ ಹಿಂದಿನಿಂದ ಯಾರಾದರೂ ಎಳೆದರೆ ಕತ್ತು ತಾನಾಗಿಯೇ ಗಟ್ಟಿಯಾಗುತ್ತದಂತೆ! ಉಳಿದ ಏಳು ಮಂದಿ ಬರಿದಲೆಯಲ್ಲೇ ಫೋಟೊ ತೆಗೆಸಿಕೊಂಡರು. ಪೈಲ್ವಾನರು ಪೇಟದ ಸಮೇತ ಕಂಪ್ಲಿ ಬಸ್ಸು ಹತ್ತಿದರು.

ಪೇಟ ಬಾಡಿಗೆಗೆ ಕೊಟ್ಟ ಅಂಗಡಿಯವನು ನಾಲ್ಕು ದಿನ ಕಾದು, ಐದನೆಯ ದಿನ ಶಾಲೆಗೇ ಬಂದ. ನಾನು ಭಾನುವಾರ ಕಂಪ್ಲಿಗೆ ಹೋದೆ. ಪೈಲ್ವಾನರ ಗರಡಿಮನೆ ಹುಡುಕಿ ಒಳಗೆ ಹೋದರೆ, ಅಲ್ಲಿನ ಹನುಮಪ್ಪ ದೇವರ ಪಟದ ಪಕ್ಕದ ಗೂಡಿನಲ್ಲಿ ಪೇಟ ಕೂತಿದೆ, ಅದರ ಮುಂದೆ ಊದುಬತ್ತಿ.

"ಬರ್ರಿ ಟೀಚರ್, ಕುಂದ್ರಿ" ಎಂದು ಚಾಪೆ ಹಾಸಿದರು. "ಏನ್ ಬಂದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವರು ಪೇಟದ ಕಡೆ ಕೈ ತೋರಿಸಿದರು. "ನಲವತ್ತು ವರ್ಷ ಮಣ್ಣು ಹೊತ್ತ ತಲಿ ಇದು ಟೀಚರ್. ಎಷ್ಟೋ ಮಂದಿನ್ನ ಚಿತ್ ಮಾಡೀನಿ, ಚಪ್ಪಾಳಿ ಹೊಡದಾರ, ತೆಂಗಿನಕಾಯಿ ಕೊಟ್ಟಾರ. ತಲಿ ಮ್ಯಾಲ ಏನರ ಇಟ್ಟಿದ್ದು ನೀವ ಮೊದಲು."

"ಆರೋಗ್ಯ ಹೆಂಗೈತಿ ಅಂತ ಕೇಳಿ ಹೋಗಾನ ಅಂತ ಬಂದೆ" ಎಂದೆ. ಅವರು ಕೊಟ್ಟ ಬಾದಾಮಿ ಹಾಲು ಕುಡಿದು ಬಂದೆ. ಅಂಗಡಿಯವನಿಗೆ ಏನು ಹೇಳಿದೆ ಎಂಬುದು ಇಲ್ಲಿ ಬೇಡ. ಮರುವರ್ಷದಿಂದ ಪ್ರತಿಯೊಬ್ಬರಿಗೂ ಅವರವರ ತಲೆಯ ಅಳತೆಯ ಪೇಟ ಬಂತು, ಬಂದದ್ದು ಅವರ ಮನೆಗೇ ಹೋಯಿತು. ಎತ್ತುವ ವಿದ್ಯೆಯನ್ನು ನಾನು ಮರೆತುಬಿಟ್ಟೆ.

ಆಮೇಲೆ ಕಂಪ್ಯೂಟರ್ ಬಂತು. ಅಲ್ಲಿಯವರೆಗೆ ಒಂದೊಂದು ಮಾನಪತ್ರವನ್ನೂ ದಪ್ಪ ಹಾಳೆಯ ಮೇಲೆ ಕೈಯಲ್ಲೇ ಬರೆಯುತ್ತಿದ್ದೆ. ಸಾಹೇಬರು, "ಕಾಲ ಬದಲಾಗೈತಿ ಟೀಚರ್, ಕಂಪ್ಯೂಟರ್‌ನಾಗ ಮಾಡಸ್ರಿ, ಜಲ್ದಿ ಆಕೈತಿ" ಎಂದರು. ಜಲ್ದಿ ಆಯಿತು, ನಿಜ.

ಆ ಸಲದ ಸನ್ಮಾನಿತರಲ್ಲಿ ಯಶವಂತನಗರದ ಹುಲಿಗೆಮ್ಮ ಇದ್ದಳು. ಗಣಿಯಲ್ಲಿ ಅದಿರು ಆರಿಸುವ ಕೆಲಸ. ಮೂವತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ಮೈ. ಕೆಲಸಕ್ಕೆ ಕರೆದೊಯ್ಯುವ ಬಸ್ಸು ಬರುವ ಮೊದಲೇ ಎದ್ದು ಗುಡ್ಡದ ದಾರಿಯಲ್ಲಿ ಓಡುತ್ತಿದ್ದಳು. ದೂರದ ಓಟದಲ್ಲಿ ಅವಳ ಹಿಂದೆ ಬಂದವರಿಗೆ ಅವಳ ಬೆನ್ನೂ ಕಾಣುತ್ತಿರಲಿಲ್ಲ. ನಾನು ಮನಸ್ಸಿಟ್ಟು ಬರೆದು ಕೊಟ್ಟಿದ್ದೆ. ಅಚ್ಚು ಹಾಕುವವನು ಒಂದು ಅಕ್ಷರ ಬದಲಾಯಿಸಿದ್ದ, ಅದೂ ಎಲ್ಲ ಕಡೆ ಒಂದೇ ಸಮನೆ. ಅವತ್ತು ಬಂದಿದ್ದ ಅತಿಥಿಗಳು ಕನ್ನಡಕ ಏರಿಸಿಕೊಂಡು, ಗಂಭೀರ ದನಿಯಲ್ಲಿ, ಎಲ್ಲಿಯೂ ತಡವರಿಸದೆ ಓದಿದರು:

"ಊಟದಲ್ಲಿ ಇವರನ್ನು ಮೀರಿಸುವವರು ಜಿಲ್ಲೆಯಲ್ಲೇ ಇಲ್ಲ. ನಸುಕಿನಲ್ಲೇ ಎದ್ದು ಊಟ ಆರಂಭಿಸುವ ಇವರು, ಮಳೆ ಬಿಸಿಲೆನ್ನದೆ ಒಂದು ದಿನವೂ ಊಟ ತಪ್ಪಿಸಿದವರಲ್ಲ. ಊಟವೇ ಇವರ ಉಸಿರು."

ಶಾಮಿಯಾನ ಹಾರಿಹೋಗುವಂಥ ನಗು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹುಲಿಗೆಮ್ಮ ಮಾತ್ರ ಮೈಕಿನ ಹತ್ತಿರ ಬಂದು, "ಸುಳ್ಳಲ್ರಿ ಅದು. ಓಡಿ ಬಂದ ಮ್ಯಾಲ ನನ್ನ ಮುಂದ ರೊಟ್ಟಿ ಬುಟ್ಟಿ ಇಟ್ಟು ನೋಡ್ರಿ, ನೀವೂ ಹಿಂಗ ಬರಿತೀರಿ" ಎಂದಳು. ಅವತ್ತು ಅವಳಿಗೆ ಬಿದ್ದಷ್ಟು ಚಪ್ಪಾಳೆ ಇನ್ನಾರಿಗೂ ಬೀಳಲಿಲ್ಲ.

ಮರುವಾರ ನಾನೇ ಕೈಯಲ್ಲಿ ಬರೆದ ಸರಿಯಾದ ಮಾನಪತ್ರ ಒಯ್ದು ಕೊಟ್ಟು, ತಪ್ಪಿನದನ್ನು ವಾಪಸ್ ಕೇಳಿದೆ. ಕೊಡಲಿಲ್ಲ. ಎರಡನ್ನೂ ಗೋಡೆಗೆ ಹಾಕಿದಳು. "ಇದನ್ನ ಎಲ್ಲಾರೂ ಓದ್ತಾರ ಟೀಚರ್. ಆ ಊಟದ್ದನ್ನ ಓದಿದವರು ನಕ್ಕೊಂತ ಕುಂತು ನಂದು ಇಡೀ ಕತಿ ಕೇಳ್ತಾರ" ಎಂದಳು. ಆದರೂ ಕಾವ್ಯ, ಅಚ್ಚಾಗಿ ಬಂದದ್ದನ್ನು ಒಂದು ಸಲ ಗಟ್ಟಿಯಾಗಿ ಓದು. ಎಲ್ಲರೂ ಹುಲಿಗೆಮ್ಮ ಆಗಿರುವುದಿಲ್ಲ.

ಇನ್ನು ಈರಣ್ಣನ ವಿಷಯ. ಇದನ್ನು ಹೇಳುವಾಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ನಾಚಿಕೆ ನನ್ನದು.

ಈರಣ್ಣ ಟಿ.ಬಿ. ಡ್ಯಾಮಿನಲ್ಲಿ ಖಲಾಸಿಯಾಗಿದ್ದವರು. ಡ್ಯಾಮಿನ ಗೇಟುಗಳ ಸರಪಳಿಗೆ ಗ್ರೀಸು ಹಚ್ಚುವುದು ನೌಕರಿ. ರಜೆಯ ದಿನವೆಲ್ಲ ಮೈದಾನದಲ್ಲಿ. ಯಾವ ಶಾಲೆಯ, ಯಾವ ಸಂಘದ ಪಂದ್ಯವಿದ್ದರೂ ಸುಣ್ಣದ ಬುಟ್ಟಿ ಹಿಡಿದು ಬಗ್ಗಿ ಗೆರೆ ಹಾಕುವವರು ಅವರೇ. ಆಮೇಲೆ ಅದೇ ಗೆರೆಯ ತುದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಹೆಬ್ಬೆರಳಲ್ಲಿ ಸ್ಟಾಪ್‌ವಾಚ್ ಒತ್ತಿ, ಯಾರು ಮೊದಲು ದಾಟಿದರೆಂದು ಹೇಳುವವರೂ ಅವರೇ. ಮಾತು ಕಡಿಮೆ. ಅವರು ಹೇಳಿದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ. ಒಂದು ವರ್ಷ ಆಟಗಾರರ ಜೊತೆಗೆ ಇಂಥ ಸೇವಕರೊಬ್ಬರನ್ನೂ ಸನ್ಮಾನಿಸೋಣವೆಂದು ಸಮಿತಿಯಲ್ಲಿ ಹಟ ಹಿಡಿದು ಅವರ ಹೆಸರು ಸೇರಿಸಿದವಳು ನಾನು.

ಆ ವರ್ಷದ ಪ್ರಾಯೋಜಕರು ಒಬ್ಬ ಗಣಿ ಧಣಿ. ಅವರಿಗೆ ಪ್ರಶಾಂತ ಎಂಬ ಮಗ, ಇಪ್ಪತ್ತೆರಡು ವರ್ಷದವನು. ಅವನಿಗೆ ಸೈಕಲ್ಲಿನ ಹುಚ್ಚು. ಪರದೇಶದಿಂದ ತರಿಸಿದ ಗೇರಿನ ಸೈಕಲ್. ಧಣಿಯರು, "ಒಂದು ಸೈಕಲ್ ರೇಸ್ ಇಡ್ರಿ. ಗೆದ್ದವನಿಗೆ ಈ ವರ್ಷದ ಶ್ರೇಷ್ಠ ಕ್ರೀಡಾಪಟು ಅಂತ ಸನ್ಮಾನ ಮಾಡ್ರಿ" ಎಂದರು. ಯಾರು ಗೆಲ್ಲಬೇಕೆಂದು ಅವರೂ ಹೇಳಲಿಲ್ಲ, ನಮ್ಮ ಸಾಹೇಬರೂ ಕೇಳಲಿಲ್ಲ. ಪ್ರಶಾಂತನಿಗೆ ಒಂದನೇ ನಂಬರಿನ ಬಟ್ಟೆ ಕೊಟ್ಟರು, ಅಷ್ಟೆ.

ಯಶವಂತನಗರದಿಂದ ಹೊರಟು ಡ್ಯಾಮಿನ ಹತ್ತಿರ ಮುಗಿಯುವ ದಾರಿ. ಲಾರಿ ನಿಲ್ಲಿಸುತ್ತೇವೆ ಎಂದಿದ್ದರು, ಲಾರಿಗಳು ಮಾತು ಕೇಳಲಿಲ್ಲ. ಮಗನಿಗೆ ಧೂಳು ಕುಡಿಯುವಂತಾಗಬಾರದೆಂದು ಧಣಿಯರು ಟ್ಯಾಂಕರುಗಳಲ್ಲಿ ದಾರಿಯುದ್ದಕ್ಕೂ ನೀರು ಹೊಡೆಸಿದರು. ಧೂಳೇನೋ ಅಡಗಿತು. ಅದಿರಿನ ಪುಡಿ, ನೀರು, ಲಾರಿಯ ಗಾಲಿ ಮೂರೂ ಸೇರಿ ಮೊಣಕಾಲುದ್ದದ ಕೆಂಪು ಕೆಸರಾಯಿತು.

ನಾನು ಕೊನೆಯ ಗೆರೆಯ ಪಕ್ಕದ ವೇದಿಕೆಯ ಮೇಲೆ ಮೈಕು ಹಿಡಿದು ನಿಂತಿದ್ದೆ. ದೂರದಲ್ಲಿ ಒಬ್ಬ ಕಾಣಿಸಿದ. ಮನುಷ್ಯನೋ ಮಣ್ಣಿನ ಬೊಂಬೆಯೋ ತಿಳಿಯದು. ಬಾಯಿಗೆ ಬಟ್ಟೆ ಕಟ್ಟಿದ್ದಾನೆ, ಕಣ್ಣೆರಡು ಬಿಟ್ಟರೆ ಮೈಯೆಲ್ಲ ಕೆಂಪು. ಎದೆಯ ಮೇಲಿನ ಬಟ್ಟೆಯಲ್ಲಿ ಒಂದು ಉದ್ದ ಗೆರೆ ಮಾತ್ರ ಕಾಣುತ್ತಿದೆ. ನಾನು ಮೈಕಿನಲ್ಲಿ ಕೂಗಿಯೇಬಿಟ್ಟೆ: "ನಂಬರ್ ಒಂದು! ಮೊದಲನೆಯವರಾಗಿ ಬರುತ್ತಿದ್ದಾರೆ ನಂಬರ್ ಒಂದು, ಪ್ರಶಾಂತ!"

ಡೊಳ್ಳು ಶುರುವಾಯಿತು. ಪಟಾಕಿ ಸರಕ್ಕೆ ಬೆಂಕಿ ಬಿತ್ತು. ಜನ ಅವನನ್ನು ಸೈಕಲ್ ಸಮೇತ ಮುತ್ತಿಕೊಂಡರು. ಧಣಿಯರು ಹಾಲಿನಂಥ ಬಿಳಿ ಅಂಗಿ, ಬಿಳಿ ಪ್ಯಾಂಟಿನಲ್ಲಿ ವೇದಿಕೆಯಿಂದ ಇಳಿದು ಓಡಿ, "ಗೆದ್ದಬಿಟ್ಟಿ ಮಗನ!" ಎಂದು ಆ ಮಣ್ಣಿನ ಬೊಂಬೆಯನ್ನು ಎದೆಗೆ ಅವುಚಿಕೊಂಡರು. ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಏಲಕ್ಕಿ ಹಾರ ಹಾಕಿದರು.

ಗೆರೆಯ ಹತ್ತಿರ ಕೂತಿದ್ದ ಈರಣ್ಣ ಏನೋ ಕೂಗುತ್ತಿದ್ದರು, ಡೊಳ್ಳಿನ ಸದ್ದಿಗೆ ಕೇಳಲಿಲ್ಲ. ಅವರು ಎದ್ದು, ಜನರ ನಡುವೆ ನುಗ್ಗಿ, ಹೆಗಲ ಮೇಲಿನ ಟವೆಲ್ ತೆಗೆದರು. ಸಾಹೇಬರಿಗೆ ಏನೋ ಅನುಮಾನ ಬಂತು. "ಈರಣ್ಣ, ಒರಸಬ್ಯಾಡ!" ಎಂದರು. ಈರಣ್ಣ ಒರೆಸಿದರು. ಒಂದರ ಪಕ್ಕದ ಕೆಸರು ಜಾರಿ ಅಲ್ಲೊಂದು ಏಳು ಹೊರಬಂತು.

"ಹದಿನೇಳು" ಎಂದರು ಈರಣ್ಣ. "ಹದಿನೇಳನೇ ನಂಬರ್ ಮೊದಲು."

ಹದಿನೇಳು ಎಂದರೆ ಕಂಪ್ಲಿಯ ರುದ್ರೇಶ. ಪಂಕ್ಚರ್ ಅಂಗಡಿಯಲ್ಲಿ ಕೆಲಸ, ಮಾಮೂಲಿ ಕಬ್ಬಿಣದ ಸೈಕಲ್. ಬಾಯಿಯ ಬಟ್ಟೆ ಬಿಚ್ಚಿ ಉಸಿರು ಎಳೆದುಕೊಂಡ. ಧಣಿಯರು ಅವನ ಹೆಗಲ ಮೇಲಿಂದ ಕೈ ತೆಗೆಯುವುದನ್ನೂ ಮರೆತು ನೋಡುತ್ತಿದ್ದರು. "ಅಲ್ಲೋ, ಸುಮ್ಮನ ಯಾಕ ನಿಂತಿದ್ದಿ?" ಎಂದು ಸಾಹೇಬರು ಗದರಿದರೆ, "ಗೆದ್ದವರಿಗೆಲ್ಲ ಧಣ್ಯಾರು ಹಿಂಗ ಮುತ್ತು ಕೊಡ್ತಾರ ಅನಕಂಡೆರಿ" ಎಂದ.

ಎರಡನೆಯವನು ಬಂದ, ಮೂರನೆಯವನು ಬಂದ. ನಾಲ್ಕನೆಯವನಾಗಿ ಪ್ರಶಾಂತ ಬಂದ.

ಸಾಹೇಬರು ಫಲಿತಾಂಶದ ಹಾಳೆಯನ್ನು ನನ್ನ ಮುಂದಿಟ್ಟು, ಕಿವಿಯಲ್ಲಿ ಹೇಳಿದರು: "ಇಬ್ರಿಗೂ ಜಂಟಿ ಮೊದಲನೇ ಸ್ಥಾನ ಅಂತ ಬರೀರಿ ಟೀಚರ್. ಯಾರಿಗೂ ನೋವಿಲ್ಲ. ಸಮಾರಂಭ ಕೆಟ್ಟು ಹೋಗಬಾರದು ನೋಡ್ರಿ."

ಈಗ ನಾಚಿಕೆಯ ಮಾತು. ನಾನು ಪೆನ್ನು ತೆಗೆದೆ. ಶಾಮಿಯಾನ, ಊಟ, ಎಂಟು ಜನ ಸನ್ಮಾನಿತರು, ಹಂಚಿಯಾದ ಆಮಂತ್ರಣ ಎಲ್ಲ ಕಣ್ಣ ಮುಂದೆ ಬಂದವು. "ಜಂ" ಎಂದು ಬರೆದೂ ಆಗಿತ್ತು.

ಈರಣ್ಣ ಪಕ್ಕಕ್ಕೆ ಬಂದು ಹಾಳೆ ನೋಡಿದರು. ಸಿಟ್ಟಿನಿಂದಲ್ಲ, ನಿಜಕ್ಕೂ ಅರ್ಥವಾಗದವರಂತೆ ಕೇಳಿದರು. "ಟೀಚರ್, ಒಂದನೇದವ ನಾಲ್ಕನೇದವ ಜಂಟಿ ಆದ್ರ, ನಡುವ ಬಂದ ಇಬ್ರು ಎಲ್ಲಿ ಹೋಗಬೇಕ್ರಿ?"

ಸಾಹೇಬರು, "ಈರಣ್ಣ, ನಿನಗ ತಿಳಿಯಂಗಿಲ್ಲ, ಸಹಿ ಮಾಡು" ಎಂದರು.

"ನಾ ಗೆರಿ ಹಾಕಾವ್ರಿ ಸಾಹೇಬ್ರ. ಗೆರಿ ಒಂದ ಹಾಕೀನಿ. ಮೊದಲ ದಾಟಿದವ ಒಬ್ಬವನ" ಎಂದು ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ಅಷ್ಟರಲ್ಲಿ ಪ್ರಶಾಂತ ಕೆಸರು ಸೋರಿಸಿಕೊಂಡು ಮೇಜಿನ ಹತ್ತಿರ ಬಂದ. "ಟೀಚರ್, ನಂದು ನಾಲ್ಕು. ನಾಲ್ಕು ಅಂತ ಬರೀರಿ."

"ಸುಮ್ಮನಿರೋ" ಎಂದರು ಅವನ ಅಪ್ಪ.

"ಇಲ್ಲಪ್ಪ. ಇಲ್ಲಿ ತನಕ ಬರೇ ಮೊದಲನೇದು ಬಂದೀನಿ. ಅವೆಲ್ಲ ಹೆಂಗ ಬಂದ್ವು ಅಂತ ನನಗ ಗೊತ್ತೈತಿ. ಈ ನಾಲ್ಕು ನಾನ ತುಳದು ತಂದದ್ದು. ಇದು ನನಗ ಬೇಕು."

ನಾನು "ಜಂ" ಹೊಡೆದು ಹಾಕಿ, ಒಂದರಿಂದ ನಾಲ್ಕರವರೆಗೆ ಹೆಸರು ಬರೆದೆ. ನನ್ನ ದುಂಡು ಅಕ್ಷರ ಅವತ್ತು ಸೊಟ್ಟಗಿತ್ತು. ಈರಣ್ಣ ಸಹಿ ಹಾಕಿದರು. ಧಣಿಯರು ಎದೆಯ ತುಂಬ ರುದ್ರೇಶನ ಕೆಂಪು ಅಚ್ಚು ಹೊತ್ತುಕೊಂಡು ಕಾರು ಹತ್ತಿದರು.

ಎರಡು ದಿನ ಕಳೆಯುವುದರೊಳಗೆ ಧಣಿಯರ ಕಡೆಯಿಂದ, ಶಾಮಿಯಾನ ಇಲ್ಲ, ಊಟ ಇಲ್ಲ, ಅತಿಥಿಗಳೂ ಬರುವುದಿಲ್ಲವೆಂದು ಸುದ್ದಿ ಬಂತು. ಸಾಹೇಬರು ಪಟ್ಟಿಯಲ್ಲಿ ಈರಣ್ಣನ ಹೆಸರಿನ ಮೇಲೆ ಗೀಟು ಎಳೆದರು. ಈರಣ್ಣನಿಗೆ ಅದನ್ನು ಹೇಗೆ ತಿಳಿಸುವುದೆಂದು ಒದ್ದಾಡುತ್ತ ಮೈದಾನಕ್ಕೆ ಹೋದರೆ ಅವರೇ, "ಭಾಳ ಚಲೋ ಆತು ಬಿಡ್ರಿ. ಆಡಿದವರಿಗೆ ಹಾಕ್ರಿ ಶಾಲು. ಗೆರಿಗೆ ಕುಂತು ನೋಡಾವ ಯಾರ ಕಡಿಂದನೂ ಏನೂ ತಗಾಬಾರದು" ಎಂದು ಸುಣ್ಣ ಜರಡಿ ಹಿಡಿಯಲು ಕೂತರು.

ಸಮಾರಂಭ ನಮ್ಮ ಶಾಲೆಯ ಪಡಸಾಲೆಯಲ್ಲೇ ನಡೆಯಿತು. ಮಂಡಕ್ಕಿ, ಮಿರ್ಚಿ, ಚಹಾ. ಭಾಷಣ ಮಾಡುವವರಿಲ್ಲದ್ದರಿಂದ ಸನ್ಮಾನಿತರೇ ಮಾತಾಡಿದರು. ಅಷ್ಟು ಚೆಂದದ ಸಮಾರಂಭ ಅದಕ್ಕೆ ಮೊದಲು ಆಗಿರಲಿಲ್ಲ. ಎಲ್ಲ ಮುಗಿದ ಮೇಲೆ ಚೀಲದಲ್ಲಿ ಒಂದು ಶಾಲು ಉಳಿದಿತ್ತು, ಈರಣ್ಣನಿಗೆಂದು ತಂದದ್ದು. ಅದನ್ನು ನೋಡುತ್ತ ಕೂತಿದ್ದೆ. ರುದ್ರೇಶ, "ಅವರು ಬರಲಿಲ್ಲಂದ್ರ ನಾವ ಹೋಗಾನ ಬರ್ರಿ ಟೀಚರ್" ಎಂದ. ಅಪ್ಪನಿಗೆ ಹೇಳದೆ ಬಂದಿದ್ದ ಪ್ರಶಾಂತನೂ ಎದ್ದ. ಮೂವರೂ ಡ್ಯಾಮಿನ ಬಸ್ಸು ಹತ್ತಿದೆವು. ಹಿಂದೆ ಒಂದು ಸ್ಕೂಟರ್ ಬರುತ್ತಿತ್ತು. ಬಸ್ಸು ಇಳಿದಾಗ ನೋಡಿದರೆ ಸಾಹೇಬರು. "ಕಚೇರಿ ಕೆಲಸ ಅಲ್ಲ ಇದು. ಸುಮ್ಮನ ಬಂದೀನಿ" ಎಂದು ಎತ್ತಲೋ ನೋಡಿದರು.

ಈರಣ್ಣ ನಿವೃತ್ತರಾಗಿದ್ದರೂ, ಮಗನಿಗೆ ಡ್ಯಾಮಿನಲ್ಲೇ ನೌಕರಿಯಾಗಿದ್ದರಿಂದ ಅವರ ಸಂಸಾರ ಇನ್ನೂ ಕ್ವಾರ್ಟರ್ಸಿನಲ್ಲೇ ಇತ್ತು. ನನ್ನ ಕೈಯಲ್ಲಿ ಶಾಲು ಕಂಡದ್ದೇ ಈರಣ್ಣ ಬಾಗಿಲಲ್ಲೇ ಎರಡೂ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಟೀಚರ್, ಹೇಳೀನಲ್ರಿ. ಚಹಾ ಕುಡೀರಿ, ಶಾಲು ಮಾತ್ರ ಬ್ಯಾಡ."

ನಾವು ಐದು ನಿಮಿಷ ಬೇಡಿದೆವು. ಅವರು ಅಲುಗಲಿಲ್ಲ. ಒಳಗಿನಿಂದ ಅವರ ಹೆಂಡತಿ ಗಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದರು.

"ಅವರು ಬ್ಯಾಡಂದ್ರು. ನನ್ನ ಕೇಳಿದ್ರೇನ್ರಿ ಯಾರರ?" ಎಂದರು.

ಎಲ್ಲರೂ ಅವರ ಕಡೆ ತಿರುಗಿದೆವು.

"ಮೂವತ್ತು ವರ್ಷಾತು, ಒಂದು ಐತವಾರ ಈ ಮನಷಾ ಮನ್ಯಾಗ ಉಂಡಿಲ್ಲ. ಸುಣ್ಣದಾಗ ಅದ್ದಿದ ಧೋತರ ಒಗದು ನನ್ನ ಅಂಗೈ ನೋಡ್ರಿ. ನನ್ನ ತಂಗಿ ಮದಿವ್ಯಾಗ ಅಕ್ಕಿಕಾಳು ಹಾಕಾಕ ಬಂದಿಲ್ಲ, ಎಲ್ಲೋ ಕಬಡ್ಡಿ ಇತ್ತಂತ. ಓಡಾವರು ಮನಿಗೆ ಬಂದ್ರ ಮಜ್ಜಿಗಿ ಕೊಟ್ಟಾಕಿ ನಾನು, ಮೊಣಕಾಲು ಕೆತ್ತಿಕೊಂಡು ಬಂದ್ರ ಅರಿಶಿಣ ಹಚ್ಚಿದಾಕಿ ನಾನು. ಮೊನ್ನೆ ಈ ರುದ್ರೇಶನ ಎದಿ ಒರಸಿದ ಟವೆಲ್ ಮೂರು ಸಲ ಒಗದೀನಿ, ಇನ್ನೂ ಕೆಂಪಗ ಐತಿ. ಇವರು ಗೆರಿಗೆ ಕುಂತು ನೋಡಾವರು, ತಗಾಬಾರದು, ಖರೆ. ನಾ ಯಾವ ಗೆರಿಗೆ ಕುಂತೀನ್ರಿ?"

ಈರಣ್ಣನ ಅಡ್ಡ ಕೈಗಳು ತಾವಾಗಿಯೇ ಇಳಿದವು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸಾಹೇಬರು ಯಾರೂ ಹೇಳದೆಯೇ ಚಪ್ಪಲಿ ಕಳಚಿ, ಒಳಗೆ ಹೋಗಿ ಒಂದು ಕುರ್ಚಿ ತಂದಿಟ್ಟರು. ಗಂಗಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತರು. ಶಾಲಿನ ಒಂದು ತುದಿ ರುದ್ರೇಶ ಹಿಡಿದ, ಇನ್ನೊಂದು ತುದಿ ಪ್ರಶಾಂತ ಹಿಡಿದ. ಇಬ್ಬರೂ ಸೇರಿ ಹೊದಿಸಿದರು. ಈರಣ್ಣ ಗೋಡೆಗೆ ಒರಗಿ ನಿಂತು ಮೊದಲ ಚಪ್ಪಾಳೆ ಹೊಡೆದರು. ಪಂದ್ಯದಲ್ಲಿ ಯಾರು ಗೆದ್ದರೂ ಚಪ್ಪಾಳೆ ಹೊಡೆಯದ ಮನುಷ್ಯ ಅವರು.

"ಈಗ ಮಾತಾಡ್ರಿ ಟೀಚರ್" ಎಂದರು ಗಂಗಮ್ಮ. "ಸನ್ಮಾನ ಅಂದ ಮ್ಯಾಲ ಎರಡು ಮಾತು ಹೇಳ್ಬೇಕಲ್ರಿ."

ಕೈಯಲ್ಲಿ ಕಾಗದವಿರಲಿಲ್ಲ. ಅಷ್ಟು ವರ್ಷ ಮಾನಪತ್ರ ಬರೆದವಳು ನಾನು, ಅವತ್ತು ಒಂದು ಮಾತೂ ಹೊರಡಲಿಲ್ಲ. ಕಷ್ಟಪಟ್ಟು "ಗಂಗಮ್ಮನೋರು..." ಎಂದೆ. ಮುಂದಿನದು ಬರಲೊಲ್ಲದು.

ಗಂಗಮ್ಮ ಒಂದು ಗಳಿಗೆ ನನ್ನ ಮುಖ ನೋಡಿ, ಶಾಲು ಹೊದ್ದುಕೊಂಡೇ ಎದ್ದುಬಿಟ್ಟರು.

"ಸಾಕು ಬಿಡ್ರಿ, ಭಾಳ ಚಲೋ ಮಾತಾಡಿದ್ರಿ. ಒಲಿ ಮ್ಯಾಲ ಹಾಲು ಐತಿ."